ಚರ್ಮದ ಮೇಲಿನ ಜೀವಾಣುಗಳು: ಯಾವುದಕ್ಕೆ ಅಂಜಬೇಕು, ಯಾವುದಕ್ಕೆ ಅಂಜಬಾರದು

(ನಮ್ಮ ಹಾಲು ಉತ್ಪಾದಕರ ಸಹಕಾರಿ ಸಂಘದ ರಜತ ಮಹೋತ್ಸವದ ನಿಮಿತ್ತ ಕರೆದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘದ 25 ವರ್ಷದ ಲೆಕ್ಕ-ಪತ್ರವನ್ನು ಕಾರ್ಯದರ್ಶಿಗಳು ಓದಿ ಹೇಳಿದ್ದಾರೆ. ಸಂಘ ಹುಟ್ಟಿದ ಕಥೆಯನ್ನು ಅಧ್ಯಕ್ಷರು ಹೇಳಿದ್ದಾರೆ. ನನಗೆ ಆರೋಗ್ಯದ ಮೇಲೆ ನಾಲ್ಕು ಮಾತು ಹೇಳಲು ತಿಳಿಸಿದರು. "ಇವನೇನು ಡಾಕ್ಟರ ಅದಾನೇನು?" ಅಂತ ಯಾರಾದರೂ ಕೇಳಿದರೆ ಅದು ಸರಿಯಾದ ಪ್ರಶ್ನೆಯೇ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಆದರೆ ಕಬ್ಬು, ಸೋಯಾ, ತಂಬಾಕು ಮೂರನ್ನೂ ಬೆಳೆದವನು, ನಾಲ್ಕು ಎಮ್ಮೆ-ಆಕಳು ಕಟ್ಟಿದವನು. ದನದ ಡಾಕ್ಟರರು, ಸರಕಾರಿ ದವಾಖಾನೆಯ ಡಾಕ್ಟರರು ಹೇಳಿದ್ದನ್ನು ಕಿವಿಗೊಟ್ಟು ಕೇಳಿ, ಸಿಕ್ಕ ಪುಸ್ತಕ ಓದಿ, ತಿಳಿದಷ್ಟನ್ನು ನಮ್ಮ ಭಾಷೆಯಲ್ಲಿ ಹೇಳುತ್ತೇನೆ.

ನನ್ನ ವಿಷಯ ಚರ್ಮ, ಮತ್ತು ಚರ್ಮದ ಮೇಲೆ ಇರುವ ಕಣ್ಣಿಗೆ ಕಾಣದ ಜೀವಾಣುಗಳು. ಬ್ಯಾಕ್ಟೀರಿಯಾ ಅಂತ ಕರೆಯುತ್ತಾರಲ್ಲ, ಅವು. ಹಾಲಿನ ಸಂಘದ ಸಭೆಯಲ್ಲಿ ಇದು ಯಾಕೆ ಅನ್ನುವುದು ಭಾಷಣ ಮುಗಿಯುವುದರೊಳಗೆ ನಿಮಗೇ ತಿಳಿಯುತ್ತದೆ.

ಬ್ಯಾಕ್ಟೀರಿಯಾ ಅಂದ ಕೂಡಲೆ ರೋಗ ಅಂತ ನಮ್ಮ ತಲೆಯಲ್ಲಿ ಕೂತಿದೆ. ಆದರೆ ರೈತರಾದ ನಮಗೆ ಇದು ಶೋಭಿಸುವ ಮಾತಲ್ಲ. ಮೃಗಶಿರ ಮಳಿ ಬಿದ್ದ ಮೇಲೆ ಸೋಯಾ ಬಿತ್ತುವಾಗ ಬೀಜಕ್ಕೆ ಕರಿ ಪುಡಿ ಹಚ್ಚಿ ನೆರಳಿನಲ್ಲಿ ಆರಿಸುತ್ತೇವೆ. ಆ ರೈಜೋಬಿಯಂ ಪಾಕೀಟಿನಲ್ಲಿ ಇರುವುದೇನು? ಜೀವಂತ ಬ್ಯಾಕ್ಟೀರಿಯಾ. ಅದು ಬೇರಿನ ಗಂಟಿನಲ್ಲಿ ಕೂತು ಗಾಳಿಯ ಸಾರಜನಕವನ್ನು ಹಿಡಿದು ಬೆಳೆಗೆ ಕೊಡುತ್ತದೆ. ರೊಕ್ಕ ಕೊಟ್ಟು ತಂದು ಹೊಲಕ್ಕೆ ಹಾಕುತ್ತೇವೆ. ರಾತ್ರಿ ಅವ್ವ ಹಾಲಿಗೆ ಹೆಪ್ಪು ಹಾಕುತ್ತಾಳೆ. ಆ ಹೆಪ್ಪಿನಲ್ಲಿ ಇರುವುದೂ ಬ್ಯಾಕ್ಟೀರಿಯಾ. ಅದಿಲ್ಲದಿದ್ದರೆ ಮೊಸರೂ ಇಲ್ಲ, ಮಜ್ಜಿಗೆಯೂ ಇಲ್ಲ, ಬೆಣ್ಣೆಯೂ ಇಲ್ಲ. ಹೊಲದಲ್ಲಿ, ಅಡಿಗಿ ಮನೆಯಲ್ಲಿ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಅಂತ ಬಲ್ಲ ನಾವು, ನಮ್ಮ ಮೈ ಮೇಲಿನ ಮಾತು ಬಂದಾಗ ಮಾತ್ರ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ಹಾಕುತ್ತೇವೆ.

ದೊಡ್ಡ ಮನುಷ್ಯನ ಚರ್ಮ ಬಿಡಿಸಿ ಹಾಸಿದರೆ ಸುಮಾರು ಒಂದೂವರೆಯಿಂದ ಎರಡು ಚದರ ಮೀಟರ ಆಗುತ್ತದೆ. ಅದರ ಮೇಲೆ ಎಲ್ಲಾ ಕಡೆ ಜೀವಾಣು ಇವೆ. ಮುಂಗೈಯಂಥ ಒಣ ಜಾಗದಲ್ಲಿ ಕಡಿಮೆ. ಬಗಲು, ತೊಡೆಸಂದಿ, ಕಾಲ್ಬೆರಳ ಸಂದಿಯಂಥ ಹಸಿ ಜಾಗದಲ್ಲಿ ಒಂದು ಚದರ ಸೆಂಟಿಮೀಟರಿಗೆ ಹತ್ತು ಲಕ್ಷದ ವರೆಗೂ ಇರುತ್ತವೆ. ಸ್ನಾನ ಮಾಡಿದರೂ ಹೋಗುವುದಿಲ್ಲ, ಕೆಲವು ತಾಸಿನಲ್ಲಿ ಮೊದಲಿನಷ್ಟೇ ಆಗುತ್ತವೆ. ಇವುಗಳಲ್ಲಿ ಬಹುಪಾಲು ನಮಗೆ ಯಾವ ತೊಂದರೆಯನ್ನೂ ಕೊಡದವು. ನಮ್ಮ ಬೆವರು, ಎಣ್ಣೆಯ ಜಿಡ್ಡು, ಉದುರುವ ಸತ್ತ ಚರ್ಮ ತಿಂದು ಬದುಕುತ್ತವೆ.

ಇವುಗಳ ಉಪಯೋಗ ಏನು? ನಿಮ್ಮ ಹೊಲದ ಒಡ್ಡಿನ ಮೇಲೆ ಕರಕಿ ಬೆಳೆದಿರುತ್ತದೆ. ಆ ಕರಕಿಯಿಂದ ಬೆಳೆಗೆ ನೇರ ಲಾಭ ಇಲ್ಲ. ಆದರೆ ಒಬ್ಬ ಅತಿ ಶಾಣ್ಯಾ ರೈತ ಔಷಧ ಹೊಡೆದು ಒಡ್ಡನ್ನೆಲ್ಲ ಬೋಳು ಮಾಡಿದ ಅಂತ ಇಟ್ಟುಕೊಳ್ಳಿ. ಮೊದಲ ದೊಡ್ಡ ಮಳಿಗೇ ಒಡ್ಡು ಒಡೆಯುತ್ತದೆ, ಬೋಳಾದ ಜಾಗದಲ್ಲಿ ಬೇಡವಾದ ಕಸ ಹುಟ್ಟುತ್ತದೆ. ಚರ್ಮದ ಮೇಲಿನ ನಿರುಪದ್ರವಿ ಜೀವಾಣುಗಳ ಕೆಲಸ ಅಂಥದ್ದೇ. ಅವು ಜಾಗ ಹಿಡಿದು ಕೂತಿರುತ್ತವೆ. ಹೊರಗಿನಿಂದ ಬಂದ ಕೆಟ್ಟ ಜೀವಾಣುವಿಗೆ ಕೂಡಲು ಜಾಗ ಇಲ್ಲ, ತಿನ್ನಲು ಅನ್ನ ಇಲ್ಲ. ಸ್ಟೆಫಿಲೊಕಾಕಸ್ ಎಪಿಡರ್ಮಿಡಿಸ್ ಅನ್ನುವ ಜೀವಾಣು ಎಲ್ಲರ ಮೈ ಮೇಲೂ ಇದೆ. ಅದರ ಕೆಲವು ತಳಿಗಳು ಕೆಟ್ಟ ಜಾತಿಯವನ್ನು ತಡೆಯುವ ರಸವನ್ನೂ ತಯಾರು ಮಾಡುತ್ತವೆ ಎಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ನಮ್ಮ ಚರ್ಮ ಸ್ವಲ್ಪ ಹುಳಿ ಗುಣದ್ದು. ಆ ಹುಳಿ ಗುಣವನ್ನು ಕಾಯುವುದರಲ್ಲಿಯೂ ಇವುಗಳ ಪಾಲಿದೆ.

ಆದರೆ ಒಂದು ಮಾತು ನೆನಪಿಡಿ. ಒಡ್ಡಿನ ಮೇಲೆ ಇರುವ ತನಕ ಕರಕಿ ಒಳ್ಳೆಯದು, ಹೊಲದೊಳಗೆ ಹೊಕ್ಕರೆ ಅದೇ ಕರಕಿ ಕಾಟ. ಹಾಗೆಯೇ ಹೊರಗಿದ್ದಾಗ ನಿರುಪದ್ರವಿ ಆದ ಜೀವಾಣು ಗಾಯದಿಂದಲೋ, ಹೊಲಸು ಸೂಜಿಯಿಂದಲೋ ಒಳಗೆ ಹೋದರೆ ಉಪದ್ರವಿ ಆಗಬಹುದು. ಆದ್ದರಿಂದ ಒಳ್ಳೆಯದು ಕೆಟ್ಟದ್ದು ಅನ್ನುವುದು ಜಾತಿಯ ಮೇಲೆ ಅಷ್ಟೇ ಅಲ್ಲ, ಜಾಗದ ಮೇಲೂ ಇದೆ. ನಾನು ಇವತ್ತು ಹೇಳಬೇಕಾದ ಮುಖ್ಯ ಮಾತು ಇದೇ: ಜೀವಾಣುವನ್ನೆಲ್ಲ ಕೊಲ್ಲುವ ಉಸಾಬರಿ ಬೇಡ, ಒಡ್ಡು ಕಾಯಿರಿ. ಚರ್ಮ ಒಡೆಯದಂತೆ ನೋಡಿಕೊಳ್ಳಿ, ಒಡೆದಲ್ಲಿ ತಡ ಮಾಡಬೇಡಿ.

ಈಗ ಸಾಬೂನಿನ ಮಾತು. ಟೀವಿಯಲ್ಲಿ ತೋರಿಸುತ್ತಾರೆ, ಕೈ ಮೇಲೆ ಹಸಿರು ಹುಳ ಓಡಾಡುತ್ತವೆ, ಒಂದು ಸಾಬೂನು ಹಚ್ಚಿದ ಕೂಡಲೆ ಎಲ್ಲ ಸಾಯುತ್ತವೆ. ನಿಜ ಸಂಗತಿ ಏನೆಂದರೆ ಸಾಬೂನಿನ ಮುಖ್ಯ ಕೆಲಸ ಕೊಲ್ಲುವುದಲ್ಲ, ಜಿಡ್ಡು ಬಿಡಿಸಿ ಅದರ ಸಂಗಡ ಜೀವಾಣುವನ್ನು ತೊಳೆದು ಹಾಕುವುದು. ಅದಕ್ಕೆ ಸಾದಾ ಸಾಬೂನು ಸಾಕು. ಅಮೇರಿಕಾದ ಸರಕಾರಿ ಔಷಧ ಇಲಾಖೆಯವರು 2016 ರಲ್ಲಿ ಟ್ರೈಕ್ಲೋಸಾನ್ ಸಹಿತ ಇಂಥ 19 ರಾಸಾಯನಿಕ ಹಾಕಿದ ಕ್ರಿಮಿನಾಶಕ ಸಾಬೂನುಗಳನ್ನು ಮನೆ ಬಳಕೆಗೆ ಮಾರುವುದು ಬೇಡ ಎಂದರು. ಸಾದಾ ಸಾಬೂನಿಗಿಂತ ಇವು ಹೆಚ್ಚು ಅಂತ ತೋರಿಸಲು ಕಂಪನಿಗಳಿಂದ ಆಗಲಿಲ್ಲ. ಆದ್ದರಿಂದ ಹೆಚ್ಚಿನ ರೊಕ್ಕ ಕೊಟ್ಟು ಅಂಥದ್ದನ್ನು ತರುವುದಕ್ಕಿಂತ, ಸಾದಾ ಸಾಬೂನಿನಿಂದ ಇಪ್ಪತ್ತು ಎಣಿಸುವ ತನಕ ಕೈ ತಿಕ್ಕಿ ತೊಳೆಯುವುದು ಲೇಸು. ಉಣ್ಣುವ ಮುಂದೆ, ಶೌಚದ ನಂತರ, ಹಾಲು ಹಿಂಡುವ ಮುಂದೆ, ಕೂಸನ್ನು ಎತ್ತಿಕೊಳ್ಳುವ ಮುಂದೆ ತೊಳೆಯಿರಿ.

ಕೈ ತೊಳೆಯುವುದು ಬೇರೆ, ಮೈಯನ್ನೆಲ್ಲ ದಿನಕ್ಕೆ ಎರಡು-ಮೂರು ಸಲ ಸಾಬೂನಿನಿಂದ, ಕಲ್ಲಿನಿಂದ ತಿಕ್ಕುವುದು ಬೇರೆ. ಸಾಬೂನು ಕ್ಷಾರ ಗುಣದ್ದು. ಅತಿಯಾದರೆ ಚರ್ಮದ ಎಣ್ಣೆ, ಹುಳಿ ಎರಡೂ ಹೋಗಿ ಚಳಿಗಾಲದಲ್ಲಿ ಮೈ ಬಿರಿಯುತ್ತದೆ. ಬಿರಿದ ಚರ್ಮ ಅಂದರೆ ಒಡೆದ ಒಡ್ಡು. ಅಜ್ಜಿಯರು ಸ್ನಾನದ ನಂತರ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರಲ್ಲ, ಹಿಮ್ಮಡ ಒಡೆದವರಿಗೆ ಅದು ಇವತ್ತಿಗೂ ಒಳ್ಳೆಯದು. ಬೆವರಿನ ವಾಸನೆಗೂ ಗಾಬರಿ ಬೇಡ. ಬೆವರಿಗೆ ಸ್ವತಃ ವಾಸನೆ ಇಲ್ಲ, ಬಗಲಲ್ಲಿನ ಜೀವಾಣುಗಳು ಬೆವರು ತಿಂದಾಗ ವಾಸನೆ ಏಳುತ್ತದೆ. ದಿನಕ್ಕೊಮ್ಮೆ ಸ್ನಾನ, ಒಗೆದು ಬಿಸಿಲಿಗೆ ಒಣಗಿಸಿದ ಬಟ್ಟೆ, ಇಷ್ಟೇ ಔಷಧ. ಹುಡುಗ-ಹುಡುಗಿಯರ ಮಾರಿ ಮೇಲಿನ ಮೊಡವೆಯೂ ಹೊಲಸಿನಿಂದ ಬರುವುದಲ್ಲ. ವಯಸ್ಸಿಗೆ ಚರ್ಮದ ಎಣ್ಣೆ ಹೆಚ್ಚಾಗಿ ರಂಧ್ರ ಕಟ್ಟಿಕೊಂಡಾಗ, ಯಾವಾಗಲೂ ಅಲ್ಲೇ ಇರುವ ಜೀವಾಣು ಅದರಲ್ಲಿ ಹೆಚ್ಚುತ್ತದೆ. ಅದಕ್ಕೆ ಲಿಂಬಿಹಣ್ಣು, ಹಲ್ಲಿನ ಪೇಸ್ಟು ಹಚ್ಚಿ ತಿಕ್ಕಿದರೆ ಮಾರಿ ಸುಡುತ್ತದೆಯೇ ಹೊರತು ಮೊಡವೆ ಹೋಗುವುದಿಲ್ಲ.

ಕೂಸುಗಳ ಬಗ್ಗೆಯೂ ಒಂದು ಮಾತು, ಅವ್ವಂದಿರೆ. ಕೂಸು ಹುಟ್ಟಿದ ಕೂಡಲೆ ಎರೆಯುವ ಗಡಿಬಿಡಿ ಬೇಡ, ಕಡಿಮೆ ಅಂದರೂ 24 ತಾಸು ತಡೆಯಿರಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೈ ಮೇಲಿನ ಬಿಳಿ ಜಿಡ್ಡು ಕೂಸಿನ ಮೊದಲ ಕವಚ. ತಾಯಿಯ ಎದೆಗೆ ಹಚ್ಚಿ ಮಲಗಿಸಿದಾಗ ತಾಯಿಯ ಚರ್ಮದ ಒಳ್ಳೆಯ ಜೀವಾಣುಗಳು ಕೂಸಿನ ಚರ್ಮಕ್ಕೆ ಬರುತ್ತವೆ. ತಾಯಿ ಕೊಡುವ ಆಸ್ತಿಯಲ್ಲಿ ಇದೂ ಒಂದು.

ಇನ್ನು ಕೆಟ್ಟವುಗಳ ಕಡೆ ಬರೋಣ. ಇವುಗಳಲ್ಲಿ ದೊಡ್ಡ ಹೆಸರು ಸ್ಟೆಫಿಲೊಕಾಕಸ್ ಆರಿಯಸ್. 1880 ರ ಸುಮಾರಿಗೆ ಸ್ಕಾಟ್ಲಂಡಿನ ಅಲೆಕ್ಸಾಂಡರ್ ಆಗ್ಸ್ಟನ್ ಅನ್ನುವ ಸರ್ಜನ್ ಕುರುವಿನ ಕೀವನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದ. ಗೋಲಿಯಂಥ ಜೀವಾಣುಗಳು ಗೊಂಚಲು ಗೊಂಚಲಾಗಿ ಕಂಡವು. ಅದಕ್ಕೆ ಗ್ರೀಕ ಭಾಷೆಯಲ್ಲಿ ದ್ರಾಕ್ಷಿ ಗೊಂಚಲು ಅನ್ನುವ ಅರ್ಥದ ಹೆಸರಿಟ್ಟ. ಅಥಣಿ ಕಡೆ ದ್ರಾಕ್ಷಿ ಪಡಕ ನೋಡಿದವರಿಗೆ ಈ ಹೆಸರು ಮರೆಯಲಿಕ್ಕಿಲ್ಲ. ಬೇಸಿಗೆಯಲ್ಲಿ ಏಳುವ ಕುರು, ಮಕ್ಕಳ ಮೂಗು-ಬಾಯಿ ಸುತ್ತ ಆಗುವ ಜೇನಿನ ಬಣ್ಣದ ಹಕ್ಕಳೆಯ ಹುಣ್ಣು, ಕಣ್ಣಕುಟಿಗೆ, ಗಾಯದ ಕೀವು, ಇವೆಲ್ಲದರ ಹಿಂದೆ ಹೆಚ್ಚಾಗಿ ಇರುವುದು ಈ ಜೀವಾಣು. "ಮಾವಿನಹಣ್ಣು ಉಷ್ಣ, ಅದಕ್ಕ ಕುರು ಎದ್ದೈತಿ" ಅಂತೀವಿ. ತಪ್ಪು ಮಾವಿನಹಣ್ಣಿನದಲ್ಲ. ಬೆವರಿ, ತಿಕ್ಕಾಟ ಆಗಿ ಮೆದುವಾದ ಚರ್ಮದ ರೋಮದ ಬುಡದಲ್ಲಿ ಇದು ಹೊಕ್ಕಿರುತ್ತದೆ.

ಸುಮಾರು ಮೂರರಲ್ಲಿ ಒಬ್ಬರ ಮೂಗಿನೊಳಗೆ ಈ ಜೀವಾಣು ಸುಮ್ಮನೆ ಇರುತ್ತದೆ, ಅವರಿಗೆ ಏನೂ ಆಗಿರುವುದಿಲ್ಲ. ಮೂಗಿನಲ್ಲಿ ಬೆರಳಿಟ್ಟು ಅದೇ ಕೈಯಿಂದ ಗಾಯ ಮುಟ್ಟಿದರೆ ದಾರಿ ಸಿಕ್ಕಿತು. ಆದ್ದರಿಂದ ಕುರುವನ್ನು ಹಿಚುಕಬೇಡಿ. ಬಿಸಿನೀರಿನ ಅರಿವೆಯಿಂದ ಕಾವು ಕೊಡಿ. ಮೂಗು, ಮೇಲ್ತುಟಿಯ ಹತ್ತಿರದ ಕುರುವನ್ನಂತೂ ಮುಟ್ಟಲೇ ಬೇಡಿ, ಅಲ್ಲಿಯ ರಕ್ತನಾಳ ತಲೆಯೊಳಗೆ ಹೋಗುತ್ತದೆ. ಒಬ್ಬರ ಟಾವೆಲ್ಲು, ಬ್ಲೇಡು ಇನ್ನೊಬ್ಬರಿಗೆ ಬೇಡ. ಕ್ಷೌರದ ಅಂಗಡಿಯಲ್ಲಿ "ಹೊಸ ಬ್ಲೇಡ ಹಾಕ್ರಿ" ಅನ್ನಲು ಸಂಕೋಚ ಬೇಡ.

ನಮ್ಮ ಡೇರಿಗೆ ಸಂಬಂಧಪಟ್ಟ ಒಂದು ಸಂಗತಿ ಇಲ್ಲಿಯೇ ಇದೆ. ಬೆರಳಿಗೆ ಕೀವಿನ ಗಾಯ ಆದವರು ಹಾಲು ಹಿಂಡಬಾರದು. ಖವಾ, ಪೇಡೆ, ಕುಂದಾ ಮಾಡಬಾರದು. ಈ ಜೀವಾಣು ಬೆಚ್ಚಗಿನ ಹಾಲಿನಲ್ಲಿ ಬೆಳೆದಾಗ ಒಂದು ವಿಷ ಬಿಡುತ್ತದೆ. ಹಾಲು ಕುದಿಸಿದರೆ ಜೀವಾಣು ಸಾಯುತ್ತದೆ, ಆದರೆ ಆಗಲೇ ಬಿಟ್ಟ ವಿಷ ಕುದಿಸಿದರೂ ಹೋಗುವುದಿಲ್ಲ. ಮದುವೆ ಊಟದ ನಂತರ ಎರಡು-ಮೂರು ತಾಸಿನಲ್ಲಿ ಹತ್ತಾರು ಮಂದಿ ವಾಂತಿ ಮಾಡಿಕೊಳ್ಳುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಗಾಯದ ವಿಷಯ ನಮ್ಮ ಭಾಗಕ್ಕೆ ಬಹಳ ಮಹತ್ವದ್ದು. ಕಬ್ಬಿನ ರವದಿಯ ಅಂಚು ಕತ್ತಿಯಂತೆ ಮೈ ಕೊರೆಯುತ್ತದೆ. ಕಡಿಯುವಾಗ ಕೊಯ್ತಾ ತಪ್ಪಿದರೆ ಕಾಲಿಗೆ ಬೀಳುತ್ತದೆ. ಕೂಳೆ ಅಂಗಾಲಿಗೆ ಚುಚ್ಚುತ್ತದೆ. ಆಗ ನಾವು ಗಾಯಕ್ಕೆ ಏನೇನು ಹಚ್ಚುತ್ತೇವೆ ನೋಡ್ರಿ: ಸುಣ್ಣ, ಚಹಾಪುಡಿ, ಮಣ್ಣು, ಸಗಣಿ, ನಮ್ಮ ನಿಪ್ಪಾಣಿ ಭಾಗದಲ್ಲಿ ತಂಬಾಕಿನ ಪುಡಿ ಕೂಡ. ಮಣ್ಣು ಮತ್ತು ಸಗಣಿಯಲ್ಲಿ ಧನುರ್ವಾಯುವಿನ ಜೀವಾಣುವಿನ ಬೀಜಕಗಳು ವರ್ಷಗಟ್ಟಲೆ ಮಲಗಿರುತ್ತವೆ. ಗಾಳಿ ಸೋಕದ ಆಳವಾದ ಗಾಯ ಸಿಕ್ಕಿತೆಂದರೆ ಎಚ್ಚರಾಗುತ್ತವೆ. ಸಗಣಿ ಹೊಲಕ್ಕೆ ಅಮೃತ, ಗಾಯಕ್ಕೆ ವಿಷ. ಹಿಂದೆ ಕೂಸಿನ ಹೊಕ್ಕಳಿಗೆ ಸಗಣಿಬೂದಿ ಹಚ್ಚಿ, ಕುಡಗೋಲಿನಿಂದ ಹೊಕ್ಕಳಬಳ್ಳಿ ಕೊಯ್ದು ಎಷ್ಟು ಕೂಸುಗಳು ಎಂಟು-ಹತ್ತು ದಿನದಲ್ಲಿ ಸೆಟೆದು ಹೋದವು ಅನ್ನುವುದು ಹಿರಿಯರಿಗೆ ಗೊತ್ತು. ತಾಯಂದಿರಿಗೆ ಲಸಿಕೆ, ದವಾಖಾನೆಯ ಹೆರಿಗೆ ಬಂದ ಮೇಲೆ 2015 ರಲ್ಲಿ ನಮ್ಮ ದೇಶ ಆ ಪಿಡುಗನ್ನು ಹತೋಟಿಗೆ ತಂದ ದೇಶಗಳ ಸಾಲಿಗೆ ಸೇರಿತು. ಜೀವಾಣು ಭೂಮಿಯಿಂದ ಹೋಗಿಲ್ಲ, ಅದು ಇವತ್ತೂ ನಮ್ಮ ತಿಪ್ಪಿಯಲ್ಲಿ ಇದೆ. ನಾವು ಒಡ್ಡು ಕಟ್ಟಿದ್ದೇವೆ ಅಷ್ಟೇ.

ಗಾಯ ಆದರೆ ಹರಿಯುವ ಸ್ವಚ್ಛ ನೀರು ಮತ್ತು ಸಾಬೂನಿನಿಂದ ಐದು ನಿಮಿಷ ತೊಳೆಯಿರಿ. ಸ್ವಚ್ಛ ಬಟ್ಟೆ ಕಟ್ಟಿರಿ. ಲಸಿಕೆಯ ಸೂಜಿ ಯಾವಾಗ ಆಗಿತ್ತು ಅಂತ ಡಾಕ್ಟರರಿಗೆ ಹೇಳಿ. ಗಾಯದ ಸುತ್ತ ಕೆಂಪು ಹಬ್ಬುತ್ತಿದ್ದರೆ, ಕಾಲು ಬಿಸಿಯಾಗಿ ಬಾತರೆ, ಚಳಿ-ಜ್ವರ ಬಂದರೆ ಒಂದು ರಾತ್ರಿಯೂ ತಡೆಯಬೇಡಿ. ಸಕ್ಕರೆ ಬ್ಯಾನಿ ಇದ್ದವರು ದಿನಾ ಮಲಗುವ ಮುಂದೆ ಅಂಗಾಲು, ಬೆರಳ ಸಂದಿ ನೋಡಿಕೊಳ್ಳಬೇಕು. ಅವರಿಗೆ ಕಾಲಿನ ಸ್ಪರ್ಶ ಕಡಿಮೆ ಆಗಿರುತ್ತದೆ, ಕೂಳೆ ಚುಚ್ಚಿದ್ದೂ ಗೊತ್ತಾಗುವುದಿಲ್ಲ. ಸಣ್ಣ ಗಾಯದಿಂದ ಬೆರಳು, ಬೆರಳಿನಿಂದ ಕಾಲು ಕಳೆದುಕೊಂಡವರು ನಮ್ಮ ಸುತ್ತಲ ಹಳ್ಳಿಗಳಲ್ಲಿಯೇ ಇದ್ದಾರೆ. ಕಾಲು ಹೋದ ರೈತನ ಮನೆಯಲ್ಲಿ ಎತ್ತು ಹೋದಷ್ಟೇ ಅಲ್ಲ, ಇಡೀ ಕಮತವೇ ನಿಲ್ಲುತ್ತದೆ.

ದೂಧಗಂಗಾ, ವೇದಗಂಗಾ ದಂಡೆಯ ನಮಗೆ 2019 ರ ಆಗಸ್ಟ್ ಮತ್ತು 2021 ರ ಜುಲೈ ಮಹಾಪೂರ ನೆನಪಿದೆ. ಮನೆಯೊಳಗಿನ ಸಾಮಾನು ತೆಗೆಯಲು, ದನ ಬಿಚ್ಚಲು ಎಷ್ಟೋ ಮಂದಿ ತಾಸುಗಟ್ಟಲೆ ಹೊಲಸು ನೀರಿನಲ್ಲಿ ನಿಂತರು. ನೀರಿನಲ್ಲಿ ನೆನೆದು ಬೆಳ್ಳಗಾದ ಚರ್ಮ ಬಲು ಬೇಗ ಒಡೆಯುತ್ತದೆ. ಇಲಿ, ದನದ ಉಚ್ಚೆಯಿಂದ ನೀರಿಗೆ ಬರುವ ಲೆಪ್ಟೊಸ್ಪೈರಾ ಅನ್ನುವ ಜೀವಾಣು ಅಂಥ ಚರ್ಮದಿಂದ ಒಳಗೆ ಹೋಗಿ ಜ್ವರ, ಕಾಮಾಲೆ, ಮೂತ್ರಪಿಂಡದ ತೊಂದರೆ ತರುತ್ತದೆ. ಮುಂದೆ ಪೂರ ಬಂದರೆ ಗಮ್‌ಬೂಟು ಹಾಕ್ರಿ, ಮನೆಗೆ ಬಂದ ಮೇಲೆ ಸಾಬೂನಿನಿಂದ ತೊಳೆದು ಕಾಲು ಒಣಗಿಸಿ. ಹದಿನೈದು-ಇಪ್ಪತ್ತು ದಿನದೊಳಗೆ ಜ್ವರ, ಮೀನಖಂಡದ ನೋವು ಬಂದರೆ "ಪೂರದ ನೀರಾಗ ನಿಂತಿದ್ದೆ" ಅಂತ ಡಾಕ್ಟರರಿಗೆ ಹೇಳುವುದನ್ನು ಮರೆಯಬೇಡಿ.

ಚರ್ಮದ ಎಲ್ಲ ಬ್ಯಾನಿಯೂ ಬ್ಯಾಕ್ಟೀರಿಯಾದಿಂದ ಅಲ್ಲ. ಗಜಕರ್ಣ ಬರುವುದು ಶಿಲೀಂಧ್ರದಿಂದ, ಅಂದರೆ ಬೂಷ್ಟಿನ ಜಾತಿಯದರಿಂದ. ರಾತ್ರಿ ತುರಿಸುವ ಕಜ್ಜಿ ಬರುವುದು ಒಂದು ಸಣ್ಣ ನುಸಿಯಿಂದ. ಹಸಿ ತಂಬಾಕಿನ ಕುಡಿ ಚಿವುಟುವವರಿಗೆ ತಲೆ ಸುತ್ತಿ ವಾಂತಿ ಬರುವುದು ಯಾವ ಜೀವಾಣುವಿನಿಂದಲೂ ಅಲ್ಲ, ಇಬ್ಬನಿಯಲ್ಲಿ ತೊಯ್ದ ಎಲೆಯ ನಿಕೋಟಿನ್ ಚರ್ಮದಿಂದ ಒಳಗಿಳಿಯುವುದರಿಂದ. ಒಂದೊಂದಕ್ಕೂ ಮದ್ದು ಬೇರೆ. ಆದರೆ ನಾವು ಎಲ್ಲದಕ್ಕೂ ಅಂಗಡಿಯಿಂದ ಒಂದೇ ಟ್ಯೂಬು ತರುತ್ತೇವೆ. ಅಂಥ ಎಷ್ಟೋ ಟ್ಯೂಬುಗಳಲ್ಲಿ ಸ್ಟೆರಾಯ್ಡ್ ಇರುತ್ತದೆ. ಹಚ್ಚಿದ ಕೂಡಲೆ ತುರಿಕೆ ನಿಲ್ಲುತ್ತದೆ, ಬಿಟ್ಟ ಕೂಡಲೆ ಗಜಕರ್ಣ ದುಪ್ಪಟ್ಟು ಹಬ್ಬುತ್ತದೆ, ಚರ್ಮ ತೆಳ್ಳಗಾಗುತ್ತದೆ. ಇಂಥ ಮುಲಾಮುಗಳನ್ನು ಡಾಕ್ಟರರ ಚೀಟಿ ಇಲ್ಲದೆ ಮಾರಬಾರದು ಎಂದು 2018 ರಲ್ಲಿ ಕೇಂದ್ರ ಸರಕಾರ ನಿಯಮ ಮಾಡಿತು. ನಿಯಮ ಇದ್ದರೂ ಕೇಳಿ ತರುವವರು ನಾವೇ.

ಗುಳಿಗೆಯ ಮಾತೂ ಹಾಗೆಯೇ. 1928 ರಲ್ಲಿ ಲಂಡನ್ನಿನಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಅವರು ಬೆಳೆಸಿದ್ದ ಸ್ಟೆಫಿಲೊಕಾಕಸ್ ತಟ್ಟೆಯಲ್ಲಿ ಬೂಷ್ಟು ಬಿದ್ದು, ಅದರ ಸುತ್ತಲಿನ ಜೀವಾಣು ಸತ್ತದ್ದನ್ನು ನೋಡಿ ಪೆನ್ಸಿಲಿನ್ ಕಂಡುಹಿಡಿದರು. ಲಕ್ಷಾಂತರ ಜೀವ ಉಳಿಯಿತು. ಆದರೆ ಅದೇ ಜೀವಾಣು ಇವತ್ತು ಎಷ್ಟೋ ಔಷಧಕ್ಕೆ ಜಗ್ಗುವುದಿಲ್ಲ. ಯಾಕೆ ಅಂತ ರೈತರಿಗೆ ವಿವರಿಸಿ ಹೇಳಬೇಕಾಗಿಲ್ಲ. ತಂಬಾಕು, ಸೋಯಾ ಎಲೆ ತಿನ್ನುವ ಕೀಡೆಗೆ ಒಂದೇ ಔಷಧವನ್ನು ಅರ್ಧಮರ್ಧ ಪ್ರಮಾಣದಲ್ಲಿ ಮತ್ತೆ ಮತ್ತೆ ಹೊಡೆದದ್ದಕ್ಕೆ ಏನಾಯಿತು? ಸಾಯುವ ಕೀಡೆ ಸತ್ತವು, ತಾಳಿಕೊಳ್ಳುವ ಕೀಡೆ ಉಳಿದು ಸಂತಾನ ಬೆಳೆಸಿದವು. ಡಾಕ್ಟರರು ಐದು ದಿನ ಅಂದರೆ ಐದು ದಿನ ತಿನ್ನಿ. ಉಳಿದ ಗುಳಿಗೆಯನ್ನು ನೆರೆಮನೆಯವರಿಗೆ ಕೊಡುವ ಉಪಕಾರ ಬೇಡ.

ಇದೇ ಲೆಕ್ಕ ನಮ್ಮ ಆಕಳು-ಎಮ್ಮೆಯ ಕೆಚ್ಚಲಿಗೂ ಇದೆ. ಕೆಚ್ಚಲ ಬಾವು ತರುವ ಮುಖ್ಯ ಜೀವಾಣುಗಳಲ್ಲಿ ಮೊದಲಿನದು ಅದೇ ದ್ರಾಕ್ಷಿ ಗೊಂಚಲಿನದು. ಹಿಂಡುವವರ ಕೈಯಿಂದ, ಎಲ್ಲ ದನಕ್ಕೂ ಒರೆಸುವ ಒಂದೇ ಅರಿವೆಯಿಂದ ಅದು ಒಂದರಿಂದ ಒಂದಕ್ಕೆ ಹೋಗುತ್ತದೆ. ಹಿಂಡಿ ಮುಗಿದ ಮೇಲೆ ಮೊಲೆತೊಟ್ಟಿನ ಬಾಯಿ ಅರ್ಧ ತಾಸಿನಿಂದ ಒಂದು ತಾಸು ತೆರೆದೇ ಇರುತ್ತದೆ. ಅದೇ ಹೊತ್ತಿಗೆ ಆಕಳು ಸಗಣಿಯಲ್ಲಿ ಮಲಗಿತು ಅಂದರೆ ಬಾಗಿಲು ತೆರೆದಿಟ್ಟು ಕಳ್ಳರನ್ನು ಕರೆದಂತೆ. ಉಪಾಯ ಸುಲಭ. ಕೈ ತೊಳೆಯಿರಿ, ಕೆಚ್ಚಲು ತೊಳೆದು ಒಣ ಅರಿವೆಯಿಂದ ಒರೆಸಿ, ಒಂದೊಂದು ದನಕ್ಕೆ ಒಂದೊಂದು ಅರಿವೆ ಇಡಿ. ಹಿಂಡಿದ ಕೂಡಲೆ ನಾಲ್ಕೂ ತೊಟ್ಟನ್ನು ದನದ ಡಾಕ್ಟರರು ಹೇಳಿದ ಅಯೋಡಿನ್ ದ್ರಾವಣದಲ್ಲಿ ಅದ್ದಿರಿ. ಆಮೇಲೆ ಮೇವು ಹಾಕಿ, ತಿನ್ನುತ್ತ ಅದು ನಿಂತಿರುತ್ತದೆ, ತೊಟ್ಟಿನ ಬಾಯಿ ಮುಚ್ಚುತ್ತದೆ. ಬಾವು ಬಂದ ದನವನ್ನು ಕಡೆಗೆ ಹಿಂಡಿ. ಔಷಧ ಕೊಟ್ಟ ದನದ ಹಾಲನ್ನು ಡಾಕ್ಟರರು ಹೇಳಿದಷ್ಟು ದಿನ ಡೇರಿಗೆ ತರಬೇಡಿ. ಒಂದು ತಂಬಿಗೆ ಅಂಥ ಹಾಲು ಇಡೀ ಕ್ಯಾನಿಗೆ ಸೇರುತ್ತದೆ.

ಈಗ ನಾನು ಈ ವಿಷಯ ಆರಿಸಿಕೊಂಡ ಕಾರಣಕ್ಕೆ ಬರುತ್ತೇನೆ. ಸ್ವಲ್ಪ ದಿನದ ಹಿಂದೆ ಇಬ್ಬರು ಸದಸ್ಯರು ಡೇರಿಗೆ ಬಂದು ಒಂದು ಮನೆಯ ಕಡೆ ಬೆರಳು ಮಾಡಿ, "ಆ ಮನಿಯಾಗ ಮಹಾರೋಗ ಐತಿ, ಅವರ ಹಾಲು ತಗೋಬ್ಯಾಡ್ರಿ. ತಗೊಂಡ್ರ ನಾವು ಹಾಲು ಹಾಕೂದಿಲ್ಲ" ಅಂದರು. ಆ ಮನೆಯ ಒಬ್ಬರಿಗೆ ಕುಷ್ಠರೋಗದ ಮಚ್ಚೆ ಕಂಡಿತ್ತು, ಆಶಾ ಕಾರ್ಯಕರ್ತೆಯ ಮಾತು ಕೇಳಿ ಸರಕಾರಿ ದವಾಖಾನೆಯಲ್ಲಿ ಗುಳಿಗೆ ನಡೆದಿತ್ತು. ಮನೆಗೆ ಆಧಾರ ಅಂದರೆ ಎರಡು ಎಮ್ಮೆ. ಆಡಳಿತ ಮಂಡಳಿ ಕೂತು ದವಾಖಾನೆಯ ಡಾಕ್ಟರರನ್ನು ಕೇಳಿ, ಹಾಲು ತೆಗೆದುಕೊಳ್ಳುವುದು ಎಂದೇ ನಿರ್ಣಯ ಮಾಡಿತು. ಇವತ್ತೂ ಆ ಮನೆಯ ಹಾಲು ಬರುತ್ತಿದೆ. ಬಂದ ಇಬ್ಬರೂ ದುಷ್ಟರಲ್ಲ, ತಿಳಿಯದೆ ಅಂಜಿದ್ದರು. ಅದಕ್ಕೇ ಎಲ್ಲರ ಮುಂದೆ ಈ ಮಾತು.

ಕುಷ್ಠರೋಗವೂ ಒಂದು ಬ್ಯಾಕ್ಟೀರಿಯಾದಿಂದಲೇ ಬರುತ್ತದೆ. ಪೂರ್ವಜನ್ಮದ ಪಾಪದಿಂದಲೂ ಅಲ್ಲ, ಶಾಪದಿಂದಲೂ ಅಲ್ಲ. 1873 ರಲ್ಲಿ ನಾರ್ವೆ ದೇಶದ ಡಾ. ಹ್ಯಾನ್ಸೆನ್ ಅದನ್ನು ಕಂಡುಹಿಡಿದರು. ಕೆಟ್ಟ ಜೀವಾಣುಗಳಲ್ಲಿ ಇದರಷ್ಟು ಮಂದಗತಿಯದು ಅಪರೂಪ. ಒಂದು ಎರಡಾಗಲು ಸುಮಾರು ಎರಡು ವಾರ ಬೇಕು. ಮೈಯಲ್ಲಿ ಹೊಕ್ಕು ರೋಗ ಕಾಣಲು ಐದು ವರ್ಷ, ಕೆಲವರಿಗೆ ಇಪ್ಪತ್ತು ವರ್ಷ ಹಿಡಿಯುತ್ತದೆ. ನೂರರಲ್ಲಿ ಸುಮಾರು 95 ಮಂದಿಗೆ ಇದನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇದೆ. ಔಷಧ ತೆಗೆದುಕೊಳ್ಳದ ರೋಗಿಯ ಸಂಗಡ ಬಹುಕಾಲ ಹತ್ತಿರ ಇದ್ದರೆ ಸೀನು-ಕೆಮ್ಮಿನ ಹನಿಯಿಂದ ಹರಡಬಹುದು. ಕೈ ಕುಲುಕಿದರೆ, ಕೂಡಿ ಕೂತು ಉಂಡರೆ ಬರುವುದಿಲ್ಲ, ಹಾಲಿನಿಂದಲೂ ಬರುವುದಿಲ್ಲ. ಗುಳಿಗೆ ಸುರು ಮಾಡಿದ ಸ್ವಲ್ಪೇ ದಿನದಲ್ಲಿ ಆ ರೋಗಿಯಿಂದ ಹರಡುವುದು ನಿಲ್ಲುತ್ತದೆ. ಅಂದರೆ ದವಾಖಾನೆಯ ಗುಳಿಗೆ ತಿನ್ನುತ್ತಿರುವವರಿಂದ ಊರಿಗೆ ಭಯ ಇಲ್ಲ. ಭಯ ಇರುವುದು ಊರಿಗೆ ಅಂಜಿ ಮಚ್ಚೆ ಮುಚ್ಚಿಟ್ಟುಕೊಂಡವರಿಂದ. ಅವರು ಮುಚ್ಚಿಡುವಂತೆ ಮಾಡುವವರು ನಾವು!

1981 ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಹುಔಷಧ ಪದ್ಧತಿಯನ್ನು ಹೇಳಿತು, 1983 ರಲ್ಲಿ ನಮ್ಮ ದೇಶದಲ್ಲಿ ನಿರ್ಮೂಲನ ಕಾರ್ಯಕ್ರಮ ಸುರುವಾಯಿತು. ಆರು ತಿಂಗಳು ಅಥವಾ ಒಂದು ವರ್ಷ, ಡಾಕ್ಟರರು ಹೇಳಿದಂತೆ ಗುಳಿಗೆ, ಸರಕಾರಿ ದವಾಖಾನೆಯಲ್ಲಿ ಪೂರಾ ಪುಕ್ಕಟೆ. 2005 ರ ಕೊನೆಗೆ ದೇಶದಲ್ಲಿ ರೋಗದ ಪ್ರಮಾಣ ಹತ್ತು ಸಾವಿರಕ್ಕೆ ಒಂದಕ್ಕಿಂತ ಕೆಳಗೆ ಇಳಿಯಿತು. ಬೆಳಗಾವಿ ಹತ್ತಿರದ ಹಿಂಡಲಗಾದ ಕುಷ್ಠರೋಗ ಆಸ್ಪತ್ರೆಯ ಹೆಸರು ಕೇಳಿದರೆ ಹಿಂದಿನವರು ನಡುಗುತ್ತಿದ್ದರು, ಅಲ್ಲಿಗೆ ಹೋದವರು ತಿರುಗಿ ಊರಿಗೆ ಬರುವುದಿಲ್ಲ ಅಂತ. ಆ ಕಾಲ ಹೋಯಿತು. ಈಗ ಮನೆಯಲ್ಲಿ ಇದ್ದು, ಕೆಲಸ ಮಾಡುತ್ತ ಗುಣ ಆಗುತ್ತದೆ. ರೋಗಿಗಳನ್ನು ಹಿಡಿದು ಕೂಡಿಹಾಕುವ 1898 ರ ಕಾಯ್ದೆಯನ್ನು 2016 ರಲ್ಲಿ ರದ್ದು ಮಾಡಿದರು. ಕುಷ್ಠರೋಗದ ಕಾರಣ ಕೊಟ್ಟು ಸೋಡಚೀಟಿ ಕೇಳುವ ಅವಕಾಶವನ್ನು 2019 ರಲ್ಲಿ ಕಾಯ್ದೆಯಿಂದ ತೆಗೆದುಹಾಕಿದರು. ಸರಕಾರದ ಪುಸ್ತಕದಿಂದ ಹೋದ ಕಳಂಕ ಊರಿನ ಕಟ್ಟೆಯಿಂದಲೂ ಹೋಗಬೇಕಲ್ಲ?

ಗುರುತು ಇಷ್ಟು: ಚರ್ಮದ ಬಣ್ಣಕ್ಕಿಂತ ತಿಳಿಯಾದ ಅಥವಾ ಕೆಂಪು ಛಾಯೆಯ ಮಚ್ಚೆ, ಮುಟ್ಟಿದರೆ, ಚಿವುಟಿದರೆ ಅಲ್ಲಿ ತಿಳಿಯುವುದಿಲ್ಲ. ಕೈಕಾಲಿನ ಜೋಮು, ಬೆರಳಿನ ಹಿಡಿತ ಸಡಿಲಾಗುವುದು. ನೋವಿಲ್ಲ, ತುರಿಕೆ ಇಲ್ಲ ಅಂತ ಬಿಡಬೇಡಿ. ತಡವಾದರೆ ನರ ಸತ್ತು ಬೆರಳು ಮಡಿಚುತ್ತವೆ, ಆಮೇಲೆ ಗುಳಿಗೆ ಜೀವಾಣುವನ್ನು ಕೊಲ್ಲಬಹುದು, ಹೋದ ಬೆರಳನ್ನು ತರಲಾರದು. ಪೂರ್ತಿ ಬೆಳ್ಳಗಾಗುವ ತೊನ್ನು, ಮರಾಠಿ ನೆರೆಯವರು ಕೋಡ ಅನ್ನುವುದು, ಇದಲ್ಲ. ಅದು ಯಾವ ಜೀವಾಣುವಿನದೂ ಅಲ್ಲ, ಯಾರಿಗೂ ಅಂಟುವುದಿಲ್ಲ. ಅದರ ಸಲುವಾಗಿ ಹೆಣ್ಣುಮಕ್ಕಳ ಸಂಬಂಧ ಮುರಿಯುವುದು ಅನ್ಯಾಯ.

ಸಂಘದ ಸದಸ್ಯರ ಮುಂದೆ ಮೂರು ಸೂಚನೆ ಇಡುತ್ತೇನೆ. ಸರಿ ಕಂಡರೆ ವಾರ್ಷಿಕ ಸಭೆಯಲ್ಲಿ ಠರಾವು ಮಾಡೋಣ.

1. ಡೇರಿಯ ಹೊರಗೆ ನಲ್ಲಿ, ಸಾದಾ ಸಾಬೂನು ಮತ್ತು ಗಾಯಕ್ಕೆ ಕಟ್ಟುವ ಸಾಮಾನಿನ ಪೆಟ್ಟಿಗೆ ಯಾವಾಗಲೂ ಇರಬೇಕು.

2. ಮೊಲೆತೊಟ್ಟು ಅದ್ದುವ ದ್ರಾವಣ ಮತ್ತು ಬಟ್ಟಲನ್ನು ಸಂಘದಿಂದ ಕೊಂಡ ಬೆಲೆಗೆ ಸದಸ್ಯರಿಗೆ ಕೊಡಬೇಕು.

3. ವರ್ಷಕ್ಕೊಮ್ಮೆ ಸರಕಾರಿ ದವಾಖಾನೆಯವರನ್ನು ಕರೆಸಿ ಚರ್ಮದ ತಪಾಸಣೆ ಮಾಡಿಸಬೇಕು. ಗಂಡಸರು, ಹೆಂಗಸರು ಬೇರೆ ಬೇರೆ, ಹೆಸರು ಹೊರಗೆ ಬೀಳದಂತೆ. ರೋಗದ ಕಾರಣ ಹೇಳಿ ಯಾವ ಸದಸ್ಯರ ಹಾಲನ್ನೂ ಡಾಕ್ಟರರ ಮಾತಿಲ್ಲದೆ ತಿರುಗಿ ಕಳಿಸಬಾರದು.

ಸಹಕಾರ ಅಂದರೆ ಒಬ್ಬರ ಹಾಲು ಎಲ್ಲರ ಕ್ಯಾನಿಗೆ ಸೇರುವುದು. ಚೊಕ್ಕಟ ಹಾಲು ತರುವ ಜವಾಬುದಾರಿ ಒಬ್ಬೊಬ್ಬರದು, ಒಬ್ಬರನ್ನೂ ಹೊರಗೆ ನಿಲ್ಲಿಸದ ಜವಾಬುದಾರಿ ಎಲ್ಲರದು. ಅಂಜಬೇಕಾದ್ದಕ್ಕೆ ಅಂಜೋಣ: ಹೊಲಸು ಗಾಯಕ್ಕೆ, ತೊಳೆಯದ ಕೈಗೆ, ಅರ್ಧಕ್ಕೆ ಬಿಟ್ಟ ಗುಳಿಗೆಗೆ. ಮನುಷ್ಯರಿಗೆ ಅಂಜುವುದು ಬೇಡ.